ಬರಿಗಾಲ ನಡಿಗೆ: ಲೆಕ್ಕ ಸಿಗುವುದು ಮಾರನೇ ಬೆಳಗ್ಗೆ

ಒಂದು ದಿನ ಹೊರಗೆಲ್ಲ ಬರಿಗಾಲಲ್ಲೇ ಓಡಾಡೋಣ ಎಂದು ಹೊರಟವರಿಗೆ ಮೊದಲು ಬರುವ ಅಂಜಿಕೆ ಅಂಗಾಲಿನ ಚರ್ಮದ್ದು. ಅದಕ್ಕಿಂತ ಹೆಚ್ಚು ಕಾಳಜಿ ಬೇಕಾದದ್ದು ಮೀನಖಂಡಕ್ಕೆ ಮತ್ತು ಪಾದದ ಸಣ್ಣ ಮೂಳೆಗಳಿಗೆ. ಚುಚ್ಚಿದರೆ, ಸುಟ್ಟರೆ ಚರ್ಮ ಆ ಕ್ಷಣವೇ ಹೇಳುತ್ತದೆ. ಸ್ನಾಯು, ಮೂಳೆಗಳು ತಡವಾಗಿ ಬಾಯಿ ಬಿಡುತ್ತವೆ.

ಅಂಗಾಲಿನ ಹೊರಚರ್ಮದ ದಪ್ಪ ಸುಮಾರು 1.5 ಮಿಲಿಮೀಟರ್. ಕಣ್ಣುರೆಪ್ಪೆಯಲ್ಲಿ ಅದು 0.1 ಮಿಲಿಮೀಟರ್ ಕೂಡ ಇರುವುದಿಲ್ಲ. ಬರಿಗಾಲಲ್ಲಿ ನಡೆಯುತ್ತ ವಾರಗಳು ಕಳೆದಂತೆ ಅಂಗಾಲು ಇನ್ನಷ್ಟು ಜಡ್ಡುಗಟ್ಟುತ್ತದೆ. ಹಾಗಾದರೆ ಸ್ಪರ್ಶ ಮಂದವಾಗಬೇಕಲ್ಲ? ಇಲ್ಲ. ಕೀನ್ಯಾ ಮತ್ತು ಅಮೆರಿಕದ ಜನರ ಪಾದಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ದಪ್ಪ ಜಡ್ಡಿದ್ದವರ ಅಂಗಾಲಿನ ಸಂವೇದನೆಯೂ ಕುಗ್ಗಿರಲಿಲ್ಲ ಎಂದು ಅದು ತೋರಿಸಿತು. ಜಡ್ಡು ಗಡುಸು, ಹಾಗಾಗಿ ನೆಲದ ಒತ್ತಡವನ್ನು ಒಳಗಿನ ನರತುದಿಗಳಿಗೆ ದಾಟಿಸುತ್ತದೆ. ಶೂವಿನ ಮೆತ್ತನೆಯ ಅಟ್ಟೆ ಅದನ್ನು ನುಂಗಿಬಿಡುತ್ತದೆ.

ನೆಲದ ಈ ಸುಳಿವು ನರಗಳಿಗೆ ಸಿಕ್ಕ ಕೂಡಲೇ ನಡಿಗೆ ತಾನಾಗಿ ಬದಲಾಗುತ್ತದೆ. ಹೆಜ್ಜೆ ಚಿಕ್ಕದಾಗುತ್ತದೆ, ಹಿಮ್ಮಡಿ ಮೆಲ್ಲಗೆ ಊರುತ್ತದೆ. ಆದರೆ ಅನೇಕ ಶೂಗಳಲ್ಲಿ ಹಿಮ್ಮಡಿಯ ಭಾಗ ಸುಮಾರು 10 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಆ ಎತ್ತರ ಹೋದ ಮೇಲೆ ಪ್ರತಿ ಹೆಜ್ಜೆಗೂ ಮೀನಖಂಡ ಮತ್ತು ಅದನ್ನು ಹಿಮ್ಮಡಿಗೆ ಕಟ್ಟುವ ಅಕಿಲಿಸ್ ಸ್ನಾಯುರಜ್ಜು ಹೆಚ್ಚು ಎಳೆದುಕೊಳ್ಳುತ್ತವೆ. ಪಾದವೊಂದರಲ್ಲಿ 26 ಮೂಳೆಗಳಿವೆ. ಅವುಗಳಲ್ಲಿ ಹೆಬ್ಬೆರಳಿನ ಪಕ್ಕದ ಎರಡು ಬೆರಳುಗಳ ಹಿಂದಿರುವ ತೆಳ್ಳನೆಯ ಉದ್ದ ಮೂಳೆಗಳಿಗೆ ಬಾಗುವ ಒತ್ತಡ ಜಾಸ್ತಿ. ಹೊಸ ಭಾರಕ್ಕೆ ಹೊಂದಿಕೊಳ್ಳುವಾಗ ಮೂಳೆ ಮೊದಲು ಹಳೆಯ ಅಂಶವನ್ನು ಕರಗಿಸಿ ಆಮೇಲೆ ಹೊಸದನ್ನು ಕಟ್ಟುತ್ತದೆ. ನಡುವಿನ ವಾರಗಳಲ್ಲಿ ಅದು ತುಸು ದುರ್ಬಲವೇ. ಉತ್ಸಾಹದಲ್ಲಿ ಮಿತಿ ಮೀರಿದವರಿಗೆ ಮೂಳೆಯಲ್ಲಿ ಸಣ್ಣ ಬಿರುಕು ಬೀಳುವುದು ಇಲ್ಲೇ.

ಆದ್ದರಿಂದ ಇಡೀ ದಿನ ಹೊರಗಿದ್ದರೂ ಹೊಸಬರು ಬರಿಗಾಲಲ್ಲಿ ನಡೆಯುವ ಹೊತ್ತು ಒಟ್ಟು 30–45 ನಿಮಿಷ ದಾಟದಿರಲಿ. ಹತ್ತು ಹತ್ತು ನಿಮಿಷವಾಗಿ ನಡೆದು, ನಡುವೆ ಕುಳಿತುಕೊಳ್ಳಿ ಅಥವಾ ಚಪ್ಪಲಿ ಹಾಕಿಕೊಳ್ಳಿ. ಚಪ್ಪಲಿ ಚೀಲದಲ್ಲಿರಲೇಬೇಕು. ಮಾರನೇ ದಿನ ಬಿಡುವು.

ಹುಲ್ಲು ಅಥವಾ ಮರಳಿನ ಮೇಲೆ ಶುರುಮಾಡಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ನಯವಾದ, ಗಟ್ಟಿಯಾದ, ಸ್ವಚ್ಛ ನೆಲವೇ ವಾಸಿ. ಹೆಜ್ಜೆ ದೊಪ್ಪನೆ ಬಿದ್ದರೆ ಅಲ್ಲಿ ತಕ್ಷಣ ಗೊತ್ತಾಗುತ್ತದೆ. ಸಡಿಲ ಮರಳಿನಲ್ಲಿ ಹಿಮ್ಮಡಿ ಹೂತು ಮೀನಖಂಡ ಬೇಗ ದಣಿಯುತ್ತದೆ. ಹುಲ್ಲು ಮುಳ್ಳನ್ನೂ ಗಾಜಿನ ಚೂರನ್ನೂ ಮರೆಮಾಡುತ್ತದೆ. ಜಲ್ಲಿ ಕೊನೆಗಿರಲಿ. ಅಲ್ಲಿ ಮಂಡಿಯನ್ನು ಸ್ವಲ್ಪ ಬಗ್ಗಿಸಿ, ಎರಡು ಮೂರು ಮೀಟರ್ ಮುಂದಕ್ಕೆ ಕಣ್ಣಿಟ್ಟು, ಪಾದವನ್ನು ನೇರ ಎತ್ತಿ ನೇರ ಇಡಿ. ಎಳೆದರೆ, ತಿರುಚಿದರೆ ಚರ್ಮದ ಪದರಗಳು ಒಂದರ ಮೇಲೊಂದು ಜಾರಿ ಬೊಬ್ಬೆ ಏಳುತ್ತದೆ. ಇಬ್ಬನಿಯಲ್ಲಿ ನೆನೆದು ಮೆತ್ತಗಾದ ಅಂಗಾಲಿಗೆ ಈ ತೊಂದರೆ ಇನ್ನೂ ಬೇಗ, ಒರೆಸಿ ಒಣಗಿಸಿ ಮುಂದೆ ಹೋಗಿ.

ಬಿಸಿಲನ್ನು ಮಾತ್ರ ಹಗುರವಾಗಿ ಎಣಿಸಬೇಡಿ. ಗಾಳಿಯ ಉಷ್ಣತೆ 35 ಡಿಗ್ರಿ ಇದ್ದಾಗ ಡಾಂಬರು 60 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. 44 ಡಿಗ್ರಿಯಲ್ಲಿ ಚರ್ಮ ಸುಡಲು ಗಂಟೆಗಳೇ ಬೇಕು, 60ರಲ್ಲಿ ಕೆಲವು ಸೆಕೆಂಡು ಸಾಕು. ಅಂಗೈಯ ಹಿಂಬದಿಯನ್ನು ನೆಲಕ್ಕೆ ಒತ್ತಿ ಏಳು ಸೆಕೆಂಡು ಇಡಲಾಗದಿದ್ದರೆ ಕಾಲೂ ಇಡಬಾರದು. ಮಧುಮೇಹದಿಂದ ಪಾದ ಜೋಮು ಹಿಡಿದವರಿಗೆ ಈ ಪ್ರಯೋಗವೇ ಬೇಡ. ಎಚ್ಚರಿಸಬೇಕಾದ ನರವೇ ಅಲ್ಲಿ ಕೆಲಸ ಮಾಡುತ್ತಿಲ್ಲ.

ಮಲ ಸೇರಿದ ತೇವದ, ನೆರಳಿನ ಮಣ್ಣನ್ನೂ ಬಿಡಿ. ಕೊಕ್ಕೆಹುಳುವಿನ ಮರಿಗಳು ಅಲ್ಲಿ ಬದುಕುತ್ತವೆ, ಗಾಯವಿಲ್ಲದ ಚರ್ಮವನ್ನೂ ಕೊರೆದು ಒಳಗೆ ಹೋಗುತ್ತವೆ. ಭೂಮಿಯಿಂದ ಎಲೆಕ್ಟ್ರಾನುಗಳು ಏರಿಬಂದು ರೋಗ ವಾಸಿ ಮಾಡುತ್ತವೆ ಎಂಬ ಪ್ರಚಾರಕ್ಕೆ ಗಟ್ಟಿ ಪುರಾವೆ ಇಲ್ಲ. ಅದನ್ನು ನಂಬಿ ಕಾಲು ಕೊಡಬೇಡಿ.

ಸಂಜೆ ಸೋಪಿನಿಂದ ತೊಳೆದು, ಬೆರಳ ಸಂದುಗಳನ್ನು ಒರೆಸಿ, ಬೆಳಕಿನಲ್ಲಿ ಅಂಗಾಲು ನೋಡಿ. ಮುಳ್ಳಿದ್ದರೆ ಕುದಿಸಿದ ಚಿಮಟದಿಂದ, ಹೊಕ್ಕ ಕೋನದಲ್ಲೇ ಎಳೆಯಿರಿ. ಅಡ್ಡಕ್ಕೆ ಎಳೆದರೆ ತುದಿ ಮುರಿದು ಉಳಿಯುತ್ತದೆ. ಬೊಬ್ಬೆ ಒಡೆಯಬೇಡಿ. ಮಣ್ಣು ಮೆತ್ತಿದ ಮೊಳೆಯಂಥದ್ದು ಆಳಕ್ಕೆ ಚುಚ್ಚಿದ್ದು, ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಐದು ವರ್ಷ ದಾಟಿದ್ದರೆ ವೈದ್ಯರ ಬಳಿ ಹೋಗಿ.

ಮಾರನೇ ಬೆಳಗ್ಗೆ ಎದ್ದಾಗ ಮೀನಖಂಡ ಬಿಗಿದಿದ್ದರೆ ಅದು ಸಹಜ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಅದು ಪೂರ್ತಿ ಹೋದ ಮೇಲೆ ಮತ್ತೆ ನಡೆಯಿರಿ, ವಾರಕ್ಕೆ ಐದು ನಿಮಿಷದಂತೆ ಹೆಚ್ಚಿಸಿ. ಆದರೆ ಪಾದದ ಮೇಲ್ಭಾಗವನ್ನು ಬೆರಳಿನಿಂದ ಒತ್ತುತ್ತ ಹೋದಾಗ ಮೂಳೆಯ ಒಂದೇ ಬಿಂದುವಿನಲ್ಲಿ ನೋವು ಚುಳ್ಳೆಂದರೆ, ಅಲ್ಲಿ ಬಾವು ಕಂಡರೆ, ಬರಿಗಾಲ ನಡಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಆರಂಭದ ಎಕ್ಸ್‌ರೇಯಲ್ಲಿ ಇಂಥ ಬಿರುಕು ಕಾಣದಿರುವುದೂ ಉಂಟು. ಎಕ್ಸ್‌ರೇ ಸರಿಯಿದೆಯೆಂದು ಮತ್ತೆ ಹೊರಡಬೇಡಿ. ಒತ್ತಿದಾಗ ನೋವಿರುವಷ್ಟು ದಿನ ಗಟ್ಟಿ ಅಟ್ಟೆಯ ಪಾದರಕ್ಷೆ ಹಾಕಿಕೊಳ್ಳಿ.