ಮಹಜರಿನ ಪ್ರತಿ ಮನೆಯವರ ಕೈಗೆ ಬಂತೇ?

ಪೊಲೀಸರು ಮನೆ ಶೋಧಕ್ಕೆ ಬಂದಾಗ ಒಳಗೆ ಬಿಡುವುದಿಲ್ಲ ಎನ್ನಬಹುದೇ? ನಮ್ಮ ಕಾನೂನು ಮನೆಯವರ ಒಪ್ಪಿಗೆಗೆ ಕಾಯುವುದಿಲ್ಲ. ವಾರೆಂಟ್ ತೋರಿಸಿದರೆ ಬಾಗಿಲು ತೆರೆಯಲೇಬೇಕು. ತಡಮಾಡಿದರೆ ತನಿಖೆಗೆ ಬೇಕಾದ ವಸ್ತು ಕೈತಪ್ಪುತ್ತದೆ ಎಂದು ನಂಬಲು ಸಕಾರಣವಿದ್ದರೆ, ಅದನ್ನು ಬರವಣಿಗೆಯಲ್ಲಿ ದಾಖಲಿಸಿ ತನಿಖಾಧಿಕಾರಿ ವಾರೆಂಟ್ ಇಲ್ಲದೆಯೂ ಶೋಧಿಸಬಹುದು. 1898ರ ದಂಡ ಪ್ರಕ್ರಿಯಾ ಸಂಹಿತೆ ಹೋಗಿ 1973ರದು ಬಂತು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಾಯಿತು; ಈ ಅಧಿಕಾರ ಉಳಿದೇ ಇದೆ.

ಮನೆಯವರಿಗೆ ಆಸರೆಯಾಗಿರುವುದು ಮಹಜರು, ಅಂದರೆ ಸಾಕ್ಷಿಗಳ ಎದುರು ಬರೆಯುವ ಶೋಧದ ದಾಖಲೆ. ಶೋಧಕ್ಕೆ ಮೊದಲು ಆಸುಪಾಸಿನ ಕನಿಷ್ಠ ಇಬ್ಬರು ಸ್ವತಂತ್ರ, ಗೌರವಸ್ಥ ನಿವಾಸಿಗಳನ್ನು ಪಂಚರಾಗಿ, ಅಂದರೆ ಶೋಧದ ಸಾಕ್ಷಿಗಳಾಗಿ ಕರೆಯಬೇಕು. ಕಪಾಟು ತೆರೆಯುವಾಗ, ಟ್ರಂಕಿನ ಬಟ್ಟೆ ಕೆದಕುವಾಗ ಎದುರಿಗೆ ನಿಂತು ನೋಡುವುದು ಮನೆಯವರ ಹಕ್ಕು. ಮಹಿಳೆಯ ಮೈ ತಪಾಸಣೆಯನ್ನು ಮಹಿಳೆಯೇ, ಮರ್ಯಾದೆಗೆ ಕುಂದಾಗದಂತೆ ಮಾಡಬೇಕು. ಯಾವ ವಸ್ತು ಎಲ್ಲಿ ಸಿಕ್ಕಿತು ಎಂಬ ಪಟ್ಟಿಗೆ ಪಂಚರು ಸಹಿ ಹಾಕಬೇಕು, ಅದರ ಪ್ರತಿ ಮನೆಯವರಿಗೆ ಸಿಗಬೇಕು. ‘ಅಡುಗೆಮನೆಯ ಅಟ್ಟದ ಮೇಲೆ ಮೊಬೈಲ್ ಒಂದು’ ಎಂಬ ಸಾಲು ಆ ಹಾಳೆಯಲ್ಲಿದ್ದರೆ, ನ್ಯಾಯಾಲಯದಲ್ಲಿ ಅದು ಎರಡಾದಾಗ ಪ್ರಶ್ನಿಸಲು ಆಧಾರವಿರುತ್ತದೆ. ಪ್ರತಿಯನ್ನು ಕೇಳಿ ಪಡೆಯಲು ಯಾರೂ ಸಂಕೋಚಪಡಬೇಕಾಗಿಲ್ಲ.

ಸಂವಿಧಾನದ ರಕ್ಷಣೆ ಬಂದದ್ದು ಬಹಳ ತಡವಾಗಿ. 1954ರಲ್ಲಿ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 8 ನ್ಯಾಯಮೂರ್ತಿಗಳ ಪೀಠ, ಶೋಧದ ಅಧಿಕಾರಕ್ಕೆ ಖಾಸಗಿತನದ ಬೇಲಿ ಹಾಕಲು ಒಪ್ಪಲಿಲ್ಲ. ಉತ್ತರ ಪ್ರದೇಶದ ಖರಕ್ ಸಿಂಗ್ ಡಕಾಯಿತಿ ಪ್ರಕರಣದಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆಯಾಗಿದ್ದರೂ ಪೊಲೀಸರು ರಾತ್ರಿ ಬಂದು ಬಾಗಿಲು ಬಡಿದು ಎಬ್ಬಿಸುತ್ತಿದ್ದರು. ಇಂಥ ರಾತ್ರಿ ಭೇಟಿಗೆ ಅವಕಾಶ ಕೊಟ್ಟಿದ್ದ ನಿಯಮವನ್ನು ಸುಪ್ರೀಂ ಕೋರ್ಟ್ 1962ರಲ್ಲಿ ರದ್ದುಪಡಿಸಿತು, ಖಾಸಗಿತನವನ್ನು ಮಾತ್ರ ಹಕ್ಕೆಂದು ಒಪ್ಪಲಿಲ್ಲ. ಆ ಮಾತು ಬರಲು 2017ರ ಆಗಸ್ಟ್ 24ರವರೆಗೆ ಕಾಯಬೇಕಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ 9 ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ಮೂಲಭೂತ ಹಕ್ಕೆಂದರು.

ಆದರೆ ನಿಯಮ ಮೀರಿ ಶೋಧ ನಡೆದರೆ? ಶೋಧ ಅಕ್ರಮವಾದ ಮಾತ್ರಕ್ಕೆ ಸಿಕ್ಕ ಸಾಕ್ಷ್ಯವನ್ನು ತಳ್ಳಿಹಾಕಬೇಕಿಲ್ಲ ಎಂದು ಸುಪ್ರೀಂ ಕೋರ್ಟಿನ 1973ರ ಪೂರನ್ ಮಲ್ ತೀರ್ಪು ಹೇಳಿತು. ಕಾನೂನು ಮೀರಿದ್ದಕ್ಕೆ ತನಿಖೆ ಏನನ್ನೂ ಕಳೆದುಕೊಳ್ಳದಿದ್ದರೆ, ಪಂಚರನ್ನು ಹುಡುಕಿ ಕರೆತರುವ ಶ್ರಮವನ್ನು ಪ್ರತಿಯೊಬ್ಬ ತನಿಖಾಧಿಕಾರಿಯೂ ಏಕೆ ತೆಗೆದುಕೊಳ್ಳಬೇಕು?

ಹೊಸ ಸಂಹಿತೆಯ 105ನೇ ಕಲಮು ಶೋಧವನ್ನೂ ಪಟ್ಟಿಗೆ ಸಹಿ ಹಾಕುವುದನ್ನೂ ವಿಡಿಯೊದಲ್ಲಿ ಚಿತ್ರೀಕರಿಸಿ ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು ಎನ್ನುತ್ತದೆ. ಒಳ್ಳೆಯ ಹೆಜ್ಜೆ. ಆದರೆ ಆ ವಿಡಿಯೊದ ಪ್ರತಿಯನ್ನು ಮನೆಯವರಿಗೂ ಕೊಡಬೇಕೆಂಬ ಮಾತು ಅದೇ ಕಲಮಿನಲ್ಲಿ ಇರಬೇಕಿತ್ತು.