ಕೂಸಿಗೆ ಹುಟ್ಟಿದ ದಿನವೇ ನ್ಯಾನೋ ಲಸಿಕೆ

ಶಿರಸಿಯಲ್ಲಿ ಮಕ್ಕಳ ವೈದ್ಯನಾಗಿ ಕೆಲಸ ಮಾಡುತ್ತೇನೆ. ಈಚೆಗೆ ಒಬ್ಬ ಅಜ್ಜಿ ಮೊಮ್ಮಗುವನ್ನು ಎತ್ತಿಕೊಂಡು ಬಂದು ಕೇಳಿದರು: "ಡಾಕ್ಟ್ರೇ, ಈಗಿನ ಲಸಿಕೆಯಲ್ಲಿ ಅದೇನೋ ನ್ಯಾನೋ ಕಣ ಇರ್ತದಂತೆ. ನಮ್ಮ ಕೂಸಿಗೆ ಅದು ಬೇಡ."

ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಯಕೃತ್ತಿಗೆ (ಲಿವರ್‌ಗೆ) ತಗಲುವ ಹೆಪಟೈಟಿಸ್ ಬಿ ರೋಗದ ವಿರುದ್ಧ ಹುಟ್ಟಿದ 24 ಗಂಟೆಯೊಳಗೆ ಹಾಕುವ ಲಸಿಕೆ ಇದೆಯಲ್ಲ, ಅದರಲ್ಲಿರುವುದೂ ನ್ಯಾನೋ ಕಣವೇ. ಗಾತ್ರ ಸುಮಾರು 22 ನ್ಯಾನೋಮೀಟರ್. ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್‌ಗೆ 45 ಸಾವಿರ ಹಿಡಿಯುತ್ತವೆ. ವೈರಸ್ಸಿನ ಹೊರಮೈಯ ಒಂದು ಪ್ರೋಟೀನನ್ನು ಯೀಸ್ಟ್‌ನಲ್ಲಿ ಬೆಳೆಸುತ್ತಾರೆ. ಅದು ಕೊಬ್ಬಿನ ಜೊತೆ ಸೇರಿ ಉಂಡೆ ಕಟ್ಟಿಕೊಳ್ಳುತ್ತದೆ. ಒಳಗೆ ವೈರಸ್ಸಿನ ಬೀಜವೇ ಇಲ್ಲ. ಹಾಗಾಗಿ ಇದರಿಂದ ಆ ರೋಗ ಬರುವುದಿಲ್ಲ.

ಉಂಡೆಯೇ ಯಾಕೆ ಬೇಕು, ಬಿಡಿ ಪ್ರೋಟೀನ್ ಸಾಲದಾ? ಹಲಸಿನಕಾಯಿ ನೆನಪು ಮಾಡಿಕೊಳ್ಳಿ. ಒಂದೇ ಮುಳ್ಳು ಮುಟ್ಟಿದರೆ ಏನು ಅಂತ ಗೊತ್ತಾಗುವುದಿಲ್ಲ. ಮೈತುಂಬ ಒತ್ತೊತ್ತಾಗಿರುವ ಮುಳ್ಳಿನ ಮೇಲೆ ಅಂಗೈ ಇಟ್ಟರೆ ಕತ್ತಲಲ್ಲೂ ಹಲಸು ಅಂತ ಹೇಳುತ್ತೀರಿ. ರೋಗದ ವಿರುದ್ಧ ಪ್ರತಿಕಾಯ ತಯಾರಿಸುವ ನಮ್ಮ ರಕ್ತದ ಬಿ ಜೀವಕೋಶಗಳೂ ಹಾಗೆಯೇ. ಒಂದೇ ಗುರುತು ಸಾಲುಸಾಲಾಗಿ ಸಿಕ್ಕರೆ ಚೆನ್ನಾಗಿ ಎಚ್ಚರವಾಗುತ್ತವೆ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯೂ ಇಂಥದ್ದೇ ಉಂಡೆ.

ಕೋವಿಡ್ ಕಾಲದ ಎಂಆರ್‌ಎನ್‌ಎ ಲಸಿಕೆಯ ಕಣ ಬೇರೆ. ಅದು ಎಂಆರ್‌ಎನ್‌ಎಯನ್ನು, ಅಂದರೆ ಪ್ರೋಟೀನ್ ತಯಾರಿಸಲು ಜೀವಕೋಶಕ್ಕೆ ಕೊಡುವ ಸೂಚನೆಯನ್ನು, ಕಾಪಾಡಿ ಜೀವಕೋಶದೊಳಗೆ ಮುಟ್ಟಿಸುವ ಕೊಬ್ಬಿನ ಪೊಟ್ಟಣ. ಆ ಲಸಿಕೆಯಿಂದ ಯುವಕರಲ್ಲಿ ಅಪರೂಪಕ್ಕೆ ಹೃದಯದ ಸ್ನಾಯು ಊದಿಕೊಂಡದ್ದುಂಟು. ಅದಕ್ಕೇ ನಾನು ಹೇಳುವುದು, ನ್ಯಾನೋ ಎಂಬ ಹೆಸರಿಗೆ ಹೆದರುವ ಬದಲು ಯಾವ ಲಸಿಕೆ, ಯಾವ ಕಣ ಅಂತ ಕೇಳಿ. ಕೇಳಿದರೆ ಹೇಳುವುದು ನಮ್ಮ ಕೆಲಸ.

ನನ್ನ ಚಿಂತೆ ಕಣದ ಬಗ್ಗೆ ಅಲ್ಲ, ಲಸಿಕೆ ಸಾಗಿಸುವ ದಾರಿಯ ಬಗ್ಗೆ. ಹೆಪಟೈಟಿಸ್ ಬಿ ಕಣಗಳು ಅಲ್ಯೂಮಿನಿಯಂ ಉಪ್ಪಿಗೆ ಅಂಟಿಕೊಂಡಿರುತ್ತವೆ. ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಉಪ್ಪು ಗಂಟುಗಂಟಾಗುತ್ತದೆ, ಶಕ್ತಿ ಕುಂದುತ್ತದೆ. ಆಮೇಲೆ ಕರಗಿಸಿದರೂ ಉಪಯೋಗವಿಲ್ಲ. 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಸೆಕೆ ಜಾಸ್ತಿ ಅಂತ ಮಂಜುಗಡ್ಡೆಯ ಪಕ್ಕದಲ್ಲೇ ಇಟ್ಟರೆ ಕೆಟ್ಟೇಹೋಗುತ್ತದೆ.

ಜೊಯಿಡಾದ ಕಾಡಿನ ಊರುಗಳಿಗಾಗಲಿ, ಅಂಕೋಲಾದ ಕಡಲಂಚಿನ ಕೇರಿಗಾಗಲಿ ಲಸಿಕೆ ಒಯ್ಯುವ ನರ್ಸಮ್ಮನನ್ನು ಗಮನಿಸಿ. ಐಸ್‌ಪ್ಯಾಕನ್ನು ಫ್ರೀಜರ್‌ನಿಂದ ತೆಗೆದು ಹೊರಗಿಡುತ್ತಾರೆ. ಕಿವಿಯ ಹತ್ತಿರ ಹಿಡಿದು ಕುಲುಕುತ್ತಾರೆ. ಒಳಗೆ ನೀರು ಅಲುಗುವ ಸದ್ದು ಕೇಳಿದ ಮೇಲೆಯೇ ಡಬ್ಬಿಗೆ ಹಾಕುತ್ತಾರೆ. ಆ ಹೊತ್ತಿನಲ್ಲಿ "ಯಾಕಮ್ಮಾ ತಡ?" ಅಂತ ಅವರನ್ನು ಅವಸರ ಮಾಡಬೇಡಿ.