ಲಾಟೀನಿನದಲ್ಲದ ಬೆಳಕು

ಹಳೆಯ ಚಿತ್ರವೊಂದನ್ನು ಬರೆದವರು ಯಾರೆಂದು ತಜ್ಞರು ನೋಡಿದ ಕೂಡಲೇ ಹೇಳಿಬಿಡುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹೀಗೆ ಹೇಳುವುದಕ್ಕೂ ಅಂಗೈ ನೋಡಿ ಭವಿಷ್ಯ ನುಡಿಯುವುದಕ್ಕೂ ನನಗೆ ಹೆಚ್ಚು ಅಂತರ ಕಾಣುವುದಿಲ್ಲ. ಐರ್ಲೆಂಡಿನ ಡಬ್ಲಿನ್ನಿನ ರಾಷ್ಟ್ರೀಯ ಗ್ಯಾಲರಿಯಲ್ಲಿರುವ 'ಕ್ರಿಸ್ತನ ಬಂಧನ' ಚಿತ್ರ 1802ರಲ್ಲಿ ರೋಮಿನ ಮಟ್ಟೇಯಿ ಮನೆತನದಿಂದ ಮಾರಾಟವಾದಾಗ, ಅದು ಡಚ್ ಕಲಾವಿದ ಹೊಂಟ್‌ಹೋರ್ಸ್ಟ್‌ನ ಕೃತಿ ಎಂದೇ ದಾಖಲಾಗಿತ್ತು. ಮುಂದೆ ಅದು ಡಬ್ಲಿನ್ನಿನ ಜೆಸ್ವಿತ್ ಪಾದ್ರಿಗಳ ಊಟದ ಕೋಣೆ ಸೇರಿತು. 1990ರವರೆಗೂ ಹೆಸರು ಬದಲಾಗಲಿಲ್ಲ. ನಿಜಕ್ಕೂ ಅದನ್ನು ಬರೆದವನು ಇಟಲಿಯ ಕಲಾವಿದ ಕಾರವಾಜ್ಜೊ.

ಬೆಳಕನ್ನು ಗಮನಿಸಿದ್ದರೂ ಅನುಮಾನ ಬರಬೇಕಿತ್ತು. ಹೊಂಟ್‌ಹೋರ್ಸ್ಟ್‌ಗೆ ಇಟಲಿಯವರು ಇಟ್ಟ ಹೆಸರು 'ರಾತ್ರಿಗಳ ಗೆರಾರ್ಡೊ'. ಲಂಡನ್ನಿನಲ್ಲಿರುವ ಅವನ 'ಮಹಾಯಾಜಕನ ಮುಂದೆ ಕ್ರಿಸ್ತ' ಚಿತ್ರದಲ್ಲಿ ಮೇಜಿನ ಮೇಲಿನ ಒಂದೇ ಮೇಣದಬತ್ತಿ ಇಡೀ ಕೋಣೆಯನ್ನು ಆಳುತ್ತದೆ. ಚಿಕ್ಕ ಜ್ವಾಲೆಯಿಂದ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಮೂರು ಪಟ್ಟಾದರೆ ಒಂಬತ್ತನೆಯ ಒಂದು ಭಾಗಕ್ಕೆ. ಹಾಗಾಗಿ ಹತ್ತಿರದ ಮುಖ ಹೊಳೆಯುತ್ತದೆ, ಮೂಲೆಗಳು ಮುಳುಗುತ್ತವೆ. ಕರೆಂಟ್ ಹೋದ ರಾತ್ರಿ ಮೇಣದಬತ್ತಿಯ ಸುತ್ತ ಕುಳಿತ ಮನೆಮಂದಿಯ ನೆರಳುಗಳಂತೆ, ಇಲ್ಲಿಯೂ ಒಬ್ಬೊಬ್ಬರ ನೆರಳು ಒಂದೊಂದು ದಿಕ್ಕಿಗೆ ಚಾಚಬೇಕು.

ಡಬ್ಲಿನ್ ಚಿತ್ರದಲ್ಲೂ ಬಲಬದಿಯಲ್ಲಿ ಒಬ್ಬ ಲಾಟೀನು ಎತ್ತಿ ಹಿಡಿದಿದ್ದಾನೆ. ಅವನು ಕಾರವಾಜ್ಜೊನೇ, ತನ್ನನ್ನೇ ಚಿತ್ರದೊಳಗೆ ಬರೆದುಕೊಂಡಿದ್ದಾನೆ ಎಂಬುದು ಹಲವರ ಮತ. ಆದರೆ ಆ ಲಾಟೀನು ಬೆಳಗುವುದು ಅಷ್ಟಕ್ಕಷ್ಟೆ! ಯೇಸುವಿನ ಮುಖವನ್ನೂ ಸೈನಿಕನ ಉಕ್ಕಿನ ತೋಳನ್ನೂ ಮಿಂಚಿಸುವ ಬೆಳಕು ಎಡ ಮೇಲ್ಭಾಗದಿಂದ, ಚೌಕಟ್ಟಿನ ಆಚೆಯಿಂದ ಬರುತ್ತದೆ. ಮೂಲವನ್ನು ಅಡಗಿಸಿಟ್ಟು ಬೆಳಕನ್ನಷ್ಟೇ ಒಳಗೆ ಬಿಡುವುದು ಕಾರವಾಜ್ಜೊನ ರೂಢಿ.

ಇಷ್ಟರಿಂದಲೇ ತೀರ್ಪು ಕೊಡಲಾಗದು. ನಕಲು ಮಾಡುವವನು ಬೆಳಕನ್ನೂ ನಕಲು ಮಾಡುತ್ತಾನೆ. ಈ ಚಿತ್ರಕ್ಕೆ ನಕಲುಗಳು ಹಲವು. ಉಕ್ರೇನಿನ ಒಡೆಸಾದಲ್ಲಿದ್ದ ಒಂದನ್ನು ಮೂಲವೆಂದೇ ನಂಬಿದವರಿದ್ದರು. ನಕಲುಗಾರನ ಕೈಗೆ ಸುಲಭವಾಗಿ ಬಾರದ್ದು ಮೂಲ ಕಲಾವಿದನ ಅನಿಶ್ಚಯ. ಸೀಸದ ಬಿಳಿ ಬಣ್ಣ ಎಕ್ಸ್-ರೇಯನ್ನು ತಡೆಯುತ್ತದೆ, ಅದರಿಂದ ಮೇಲಿನ ಪದರದಡಿ ಹೂತುಹೋದ ಕುಂಚದ ಗುರುತುಗಳೂ ಕಾಣಿಸಿಕೊಳ್ಳುತ್ತವೆ. ಡಬ್ಲಿನ್ ಗ್ಯಾಲರಿಯ ಸಂರಕ್ಷಣಾ ತಜ್ಞ ಸೆರ್ಜಿಯೊ ಬೆನೆದೆತ್ತಿ ಈ ಚಿತ್ರವನ್ನು ಶುಚಿಗೊಳಿಸಿ ಪರೀಕ್ಷಿಸಿದಾಗ ಅಂಥ ತಿದ್ದುಪಡಿಗಳು ಸಿಕ್ಕವು. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಕಿವಿಯನ್ನು ಮೊದಲು ಒಂದೆಡೆ ಬರೆದು, ಆಮೇಲೆ ಜಾಗ ಬದಲಿಸಲಾಗಿತ್ತು. ಮುಗಿದ ಚಿತ್ರವನ್ನು ಎದುರಿಗಿಟ್ಟುಕೊಂಡು ಬರೆಯುವವನು ಕಿವಿಗಾಗಿ ಹೀಗೆ ತಡಕಾಡುವುದೇಕೆ?

ಇನ್ನುಳಿದದ್ದು ಕಾಗದ. ಫ್ರಾನ್ಚೆಸ್ಕಾ ಕಪೆಲ್ಲೆತ್ತಿ ಮತ್ತು ಲಾರಾ ಟೆಸ್ಟಾ ಎಂಬ ಸಂಶೋಧಕಿಯರು ಇಟಲಿಯ ರೆಕಾನಾಟಿಯಲ್ಲಿ ಮಟ್ಟೇಯಿ ಮನೆತನದ ಲೆಕ್ಕದ ಪುಸ್ತಕಗಳನ್ನು ಜಾಲಾಡಿದ್ದರು. ಈ ಚಿತ್ರಕ್ಕಾಗಿ ಚಿರಿಯಾಕೊ ಮಟ್ಟೇಯಿ ಕಾರವಾಜ್ಜೊಗೆ 125 ಸ್ಕೂದಿ (ಆಗಿನ ರೋಮಿನ ನಾಣ್ಯ) ಕೊಟ್ಟ ದಿನ 1603ರ ಜನವರಿ 2. ಹೊಂಟ್‌ಹೋರ್ಸ್ಟ್ ಹುಟ್ಟಿದ್ದು 1592ರಲ್ಲಿ. ಅವನಿಗೆ ಆಗ ಹತ್ತು ವರ್ಷ.